ವೇಷ ಮುಚ್ಚಿದ್ದನ್ನು ಮೈ ಬಿಚ್ಚಿಡುತ್ತದೆ

ಥ್ರಿಲ್ಲರ್ ಸಿನಿಮಾದಲ್ಲಿ ಉಡುಪು, ನಿಲುವು, ಮುಖಭಾವಗಳು ಪಾತ್ರವನ್ನು ಕಟ್ಟುವ ಬಗೆ ಯಾವುದು? ಅದನ್ನು ಓದುವ ಕಣ್ಣು ರೋಣ, ನರಗುಂದ, ಗಜೇಂದ್ರಗಡದ ಪ್ರೇಕ್ಷಕರಿಗೆ ಎಲ್ಲಿಂದ ಬಂತು?

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ರೋಣ, ಗಜೇಂದ್ರಗಡ, ನರಗುಂದ ಸೀಮೆಯ ಜನ ಬಾದಾಮಿಯ ದಾರಿ ಹಿಡಿಯುತ್ತಾರೆ. ಬನಶಂಕರಿಯ ತೇರು ಒಂದು ಸಂಜೆಗೆ ಎಳೆದು ಮುಗಿದರೂ ಜಾತ್ರೆ ಮುಗಿಯುವುದಿಲ್ಲ. ಆಮೇಲೂ ವಾರಗಟ್ಟಲೆ ನಾಟಕ ಕಂಪನಿಗಳು ಅಲ್ಲಿ ಬಿಡಾರ ಹೂಡಿರುತ್ತವೆ. ರಾತ್ರಿ ಉಂಡು ಹೊರಟವರು ಒಂದು ನಾಟಕ ನೋಡಿ, ಚಹಾ ಕುಡಿದು, ಇನ್ನೊಂದು ಕಂಪನಿಯ ಟಿಕೆಟು ಕೊಂಡು ನಸುಕಿನವರೆಗೆ ಕೂತಿರುತ್ತಾರೆ. ಆ ರಂಗದ ಮೇಲೆ ಗೌಡರ ಮನೆಯ ಕೆಟ್ಟ ಮಗ ಕಾಲಿಟ್ಟರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ಕೊನೆಯ ಸಾಲಿನಲ್ಲಿ ಕೂತ ಅಜ್ಜಿಗೂ ಅವನು ಎಂಥವನೆಂದು ಗೊತ್ತಾಗಿಬಿಡುತ್ತದೆ. ತಿರುವಿದ ಮೀಸೆ, ಎದೆ ಬಿಚ್ಚಿದ ಮಿರುಗುವ ಅಂಗಿ, ಕಣ್ಣಿನ ಸುತ್ತ ದಪ್ಪ ಕಾಡಿಗೆ, ನೆಲ ಒದೆಯುವ ನಡಿಗೆ ಎಲ್ಲವೂ ಒಂದೇ ಮಾತು ಹೇಳುತ್ತವೆ.

ಅದೇ ಅಜ್ಜಿಯ ಮೊಮ್ಮಗ ಥ್ರಿಲ್ಲರ್ ಸಿನಿಮಾ ನೋಡಲು ಕೂತಾಗ ಆಟದ ನಿಯಮವೇ ಬೇರೆ. ಅಲ್ಲಿ ಕೊಲೆಯೊಂದು ನಡೆದಿದೆ. ಅನುಮಾನಕ್ಕೆ ಸಿಕ್ಕವರೆಲ್ಲರ ಅಂಗಿಯೂ ಇಸ್ತ್ರಿಯಾಗಿದೆ, ಮೀಸೆ ನೆಟ್ಟಗಿದೆ, ಮಾತು ಮೆತ್ತಗಿದೆ. ಕೊಂದವನು ಸತ್ತವನ ಮನೆಗೆ ಬಂದು ಸಮಾಧಾನವನ್ನೂ ಹೇಳಿ ಹೋಗುತ್ತಾನೆ. ಜಾತ್ರೆಯ ನಾಟಕದಲ್ಲಿ ವೇಷವು ಮನುಷ್ಯನನ್ನು ತೋರಿಸಿದರೆ ಥ್ರಿಲ್ಲರ್‌ನಲ್ಲಿ ಅದೇ ವೇಷವು ಅವನನ್ನು ಮುಚ್ಚುತ್ತದೆ. ಮುಚ್ಚಿದ್ದು ಎಲ್ಲಿ ಸಡಿಲವಾಗುತ್ತದೆ ಎಂದು ಕಾಯುವುದೇ ಪ್ರೇಕ್ಷಕನ ಕೆಲಸ. ಕೈ ಒಂದು ಗಳಿಗೆ ತಡವರಿಸಿತೇ, ಕಣ್ಣು ತಪ್ಪಿತೇ, ಉಗುಳು ನುಂಗಿದನೇ? ಈ ಪ್ರಕಾರದ ರುಚಿಯೆಲ್ಲ ಅಲ್ಲಿದೆ. ಗದಗಿನಲ್ಲಿ ಗರುಡ ಸದಾಶಿವರಾಯರು ಶ್ರೀ ದತ್ತಾತ್ರೇಯ ನಾಟಕ ಮಂಡಳಿಯನ್ನು ಕಟ್ಟಿ ಬೆಳೆಸಿದ ಈ ಸೀಮೆಯಲ್ಲಿ ಅಂಥ ನೋಟಕ್ಕೆ ಬಹಳ ಹಿಂದಿನಿಂದಲೂ ತಾಲೀಮು ನಡೆದಿದೆ ಎಂಬುದು ನನ್ನ ನಂಬಿಕೆ.

ದೊಡ್ಡಾಟದ ಬಣ್ಣ, ಸಣ್ಣಾಟದ ಮೈ

ನಮ್ಮ ಹಳ್ಳಿಗಳಿಗೆ ಆಟದ ಎರಡು ಪರಂಪರೆಗಳು ಗೊತ್ತು. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಎದೆಯ ಮೇಲಿನ ಕಟ್ಟು, ಮುಖದ ಬಣ್ಣ ಎಲ್ಲವೂ ದೂರದಿಂದ ಕಾಣುವ ಅಳತೆಯವು. ಅಟ್ಟದ ಮೇಲೆ ಕುಣಿಯುತ್ತ ಬಂದ ರಾಜನನ್ನೋ ರಕ್ಕಸನನ್ನೋ ಸಾರಥಿ ಎದುರುಗೊಂಡು, ನೀವು ಯಾರು, ಎಲ್ಲಿಯವರು ಎಂದು ಕೇಳುತ್ತಾನೆ. ಪಾತ್ರ ತನ್ನ ಹೆಸರು, ಕುಲ, ಪರಾಕ್ರಮ ಎಲ್ಲವನ್ನೂ ಹೇಳಿಕೊಳ್ಳುತ್ತದೆ. ಅಲ್ಲಿ ಗುಟ್ಟೆಂಬುದಿಲ್ಲ. ರಕ್ಕಸ ತಾನು ರಕ್ಕಸನೆಂದು ಹೇಳಿಯೇ ಕುಣಿಯುತ್ತಾನೆ.

ಸಣ್ಣಾಟದ ದಾರಿ ಬೇರೆ. ಬೈಲಹೊಂಗಲದ ಕಡೆ ನಡೆದ ಕೊಲೆಯೊಂದರಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ ಆಟವನ್ನು ನೆನೆಯಿರಿ. ಧೋತರ, ಅಂಗಿ, ರುಮಾಲು ತೊಟ್ಟವರೇ ಅಲ್ಲಿ ಎಲ್ಲರೂ. ಸಂಗ್ಯಾನೂ ಹಾಗೆಯೇ, ಅವನು ಮೋಹಿಸಿದ ಗಂಗಿಯ ಗಂಡನೂ ಹಾಗೆಯೇ, ಜೀವದ ಗೆಳೆಯನಾಗಿದ್ದು ಕೊನೆಗೆ ಕೈಕೊಡುವ ಬಾಳ್ಯಾನೂ ಹಾಗೆಯೇ. ಉಡುಪಿನಿಂದ ಕೆಟ್ಟವನನ್ನು ಆರಿಸುವುದು ಸಾಧ್ಯವಿಲ್ಲ. ಬಾಳ್ಯಾ ಗೆಳೆಯನನ್ನು ಸಾವಿನ ಕಡೆಗೆ ಕರೆದೊಯ್ಯುವಾಗ ನಟನ ಹತ್ತಿರ ಇರುವುದು ದನಿ, ಹೆಜ್ಜೆ, ಕಣ್ಣು ಮಾತ್ರ. ಹಾಡು ಏನೇ ಹೇಳಲಿ, ಆ ಹೆಜ್ಜೆಯ ಹಿಂಜರಿಕೆ ನೋಡುವವನ ಹೊಟ್ಟೆಯಲ್ಲಿ ನಡುಕ ಹುಟ್ಟಿಸಬೇಕು. ಥ್ರಿಲ್ಲರ್ ಎಂಬ ಹೆಸರು ನಮಗೆ ಗೊತ್ತಾಗುವ ಎಷ್ಟೋ ಮೊದಲೇ ನಮ್ಮ ಜನ ಇಂಥದನ್ನು ನೋಡಿ ಬೆವೆತಿದ್ದರು.

ಭರತನ ನಾಟ್ಯಶಾಸ್ತ್ರ ಅಭಿನಯವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಮೈಯಿಂದ ಆಂಗಿಕ, ಮಾತಿನಿಂದ ವಾಚಿಕ, ಉಡುಗೆ ತೊಡುಗೆ ಬಣ್ಣಗಳಿಂದ ಆಹಾರ್ಯ, ಒಳಗಿನ ಭಾವ ತಾನಾಗಿ ಹೊಮ್ಮುವ ಸಾತ್ತ್ವಿಕ. ಸಾತ್ತ್ವಿಕ ಭಾವಗಳು 8. ಮರಗಟ್ಟುವುದು, ಬೆವರುವುದು, ರೋಮಾಂಚನ, ದನಿ ಒಡೆಯುವುದು, ನಡುಕ, ಮುಖದ ಬಣ್ಣ ಕೆಡುವುದು, ಕಣ್ಣೀರು, ಮೂರ್ಛೆ. ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಿದರೆ ಇದು ಪೊಲೀಸ್ ಠಾಣೆಯಲ್ಲಿ ವಿಚಾರಣೆಗೆ ಕೂತವನ ಮೈಯ ವರ್ಣನೆ ಎನಿಸುತ್ತದೆ. ಅಭಿನಯದ ನಾಲ್ಕು ಬಗೆಗಳಲ್ಲಿ ಮೊದಲ ಮೂರನ್ನು ಮನುಷ್ಯ ತನಗೆ ಬೇಕಾದಂತೆ ಬಳಸಬಲ್ಲ. ಅಂಗಿ ಬದಲಿಸಬಹುದು, ಮಾತು ಕಟ್ಟಬಹುದು, ನಗು ತಂದುಕೊಳ್ಳಬಹುದು. ನಾಲ್ಕನೆಯದು ಅಷ್ಟು ಸುಲಭಕ್ಕೆ ಹಿಡಿತಕ್ಕೆ ಬರುವುದಿಲ್ಲ. ಮೊದಲ ಮೂರು ಸುಳ್ಳು ಹೇಳುತ್ತಿರುವಾಗ ನಾಲ್ಕನೆಯದು ಎಲ್ಲಿ ನಿಜ ಹೇಳಿಬಿಡುತ್ತದೆಯೋ ಅಲ್ಲಿ ಥ್ರಿಲ್ಲರ್ ತನ್ನ ಕ್ಯಾಮೆರಾ ಇಡುತ್ತದೆ.

ಅಂಗಿ ಹೇಳುವ ಕಥೆ

ಕನ್ನಡದಲ್ಲಿ ಪತ್ತೇದಾರಿ ಸಿನಿಮಾದ ಉಡುಪಿಗೆ ದೊಡ್ಡ ತಿರುವು ಕೊಟ್ಟದ್ದು 1968ರ ‘ಜೇಡರ ಬಲೆ’. ದೊರೆ-ಭಗವಾನ್ ಜೋಡಿಯ ಈ ಚಿತ್ರದಲ್ಲಿ ರಾಜಕುಮಾರ್ ಸಿಐಡಿ 999 ಆದರು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ, 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ ತೆರೆಗೆ ಬಂದು, ಪೌರಾಣಿಕ ಕಿರೀಟಗಳಲ್ಲಿ ಜನರ ಮನಸ್ಸಿನೊಳಗೆ ನಿಂತಿದ್ದ ನಟ ಕೋಟು, ಟೈ ತೊಟ್ಟು ಪಿಸ್ತೂಲು ಹಿಡಿದರು. ಬದಲಾದದ್ದು ಬಟ್ಟೆ ಒಂದೇ ಅಲ್ಲ. ಕಿರೀಟ ಹೊತ್ತ ತಲೆಗೆ ಒಂದು ಬಿಗಿಯಿರುತ್ತದೆ, ಭುಜಕೀರ್ತಿ ಕಟ್ಟಿದ ತೋಳು ಮೈಯಿಂದ ದೂರ ನಿಲ್ಲುತ್ತದೆ. ಕೋಟು ತೋಳನ್ನು ಮೈಗೆ ಹತ್ತಿರ ತರುತ್ತದೆ, ಹೆಜ್ಜೆಯನ್ನು ಚುರುಕುಗೊಳಿಸುತ್ತದೆ. ಉಡುಪು ಮೊದಲು ನಟನ ಮೈಯನ್ನು ತಿದ್ದುತ್ತದೆ, ಆಮೇಲೆ ನೋಡುವವನ ಕಣ್ಣನ್ನು ತಿದ್ದುತ್ತದೆ. ಒಳ್ಳೆಯ ವಸ್ತ್ರವಿನ್ಯಾಸಕರು ತಾಲೀಮಿನ ಹೊತ್ತಿಗೇ ನಟನಿಗೆ ಪಾತ್ರದ ಚಪ್ಪಲಿ ಕೊಟ್ಟುಬಿಡಲು ಬಯಸುವುದು ಈ ಕಾರಣಕ್ಕೆ. ಸವೆದ ಹಿಮ್ಮಡಿಯ ಚಪ್ಪಲಿಯಲ್ಲಿ ನಡೆದವನ ನಡಿಗೆಯನ್ನು ಬೂಟು ಹಾಕಿಕೊಂಡು ಅಭಿನಯಿಸಲು ಬರುವುದಿಲ್ಲ.

ಅರ್ಧ ಶತಮಾನದ ನಂತರ, 2019ರಲ್ಲಿ, ಎರಡು ಕನ್ನಡ ಚಿತ್ರಗಳು ಉಡುಪನ್ನೇ ಕಥೆಯ ಕೀಲಿಯಾಗಿ ಬಳಸಿದವು. ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ನಲ್ಲಿ ರಿಷಬ್ ಶೆಟ್ಟಿಯ ದಿವಾಕರ ಪತ್ತೇದಾರಿ ಕಾದಂಬರಿ ಓದಿ ಬೆಳೆದವನು. ಸಿಕ್ಕಿದ್ದು ಕಾನ್‌ಸ್ಟೇಬಲ್ ಕೆಲಸ, ಕನಸು ಮಾತ್ರ ಪತ್ತೇದಾರನದು. ಖಾಕಿ ತೊಟ್ಟಾಗ ಅವನು ಅಪ್ಪ ಬಯಸಿದ ಮಗ, ಬೆಲ್ ಬಾಟಂ ತೊಟ್ಟಾಗ ತಾನು ಆಗಬಯಸಿದವನು.

ಹೇಮಂತ್ ರಾವ್ ನಿರ್ದೇಶನದ ‘ಕವಲುದಾರಿ’ಯಲ್ಲಿ ಉಡುಪಿನ ಕೆಲಸ ಇನ್ನೂ ಸೂಕ್ಷ್ಮ. ರಿಷಿ ಮಾಡಿದ ಶ್ಯಾಮ್ ಟ್ರಾಫಿಕ್ ಪೊಲೀಸ್. ಮೆಟ್ರೊ ಕಾಮಗಾರಿಯ ಜಾಗದಲ್ಲಿ ಹಳೆಯ ಮೂಳೆಗಳು ಸಿಕ್ಕಾಗ ಅವನ ಮನಸ್ಸು ಅಲ್ಲಿಗೆ ಹೋಗುತ್ತದೆ, ಆದರೆ ಮೈಮೇಲಿನ ಬಿಳಿ ಅಂಗಿ ಅವನನ್ನು ಸಿಗ್ನಲ್ಲಿಗೆ ಎಳೆಯುತ್ತದೆ. ಕೊಲೆಯ ತನಿಖೆ ಬೇರೆ ಅಂಗಿಯವರ ಕೆಲಸ. ಅವನಿಗೆ ಎಟುಕದ ಅಧಿಕಾರವನ್ನು ಯಾರೂ ಮಾತಿನಲ್ಲಿ ವಿವರಿಸಬೇಕಾಗಿಲ್ಲ, ಬಿಳಿ ಬಟ್ಟೆಯೇ ಅದನ್ನು ಪ್ರತಿ ದೃಶ್ಯದಲ್ಲೂ ಹೇಳುತ್ತಿರುತ್ತದೆ. ಅವನ ಎದುರಿಗೆ ಅನಂತ್ ನಾಗ್ ಮಾಡಿದ ನಿವೃತ್ತ ಅಧಿಕಾರಿ ಮುತ್ತಣ್ಣ. ಸಮವಸ್ತ್ರ ಹೋಗಿ ವರ್ಷಗಳಾಗಿವೆ, ಕುಡಿತ ಮೈಗಂಟಿದೆ, ಆದರೂ ಆ ಬೆನ್ನಿನಲ್ಲಿ ಹಳೆಯ ಠಾಣಾಧಿಕಾರಿ ಇನ್ನೂ ಬದುಕಿದ್ದಾನೆ. ಒಬ್ಬನಿಗೆ ಅಂಗಿಯಿದೆ, ಅಧಿಕಾರವಿಲ್ಲ. ಇನ್ನೊಬ್ಬನಿಗೆ ಅಂಗಿಯೂ ಇಲ್ಲ, ತನಿಖೆಯ ಬುದ್ಧಿ ಮಾತ್ರ ಉಳಿದಿದೆ. ಇಬ್ಬರ ನಡುವಿನ ಕಥೆ ಇಷ್ಟರಿಂದಲೇ ಹುಟ್ಟುತ್ತದೆ.

ಇದೇ ಅನಂತ್ ನಾಗ್ 1985ರ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿ ಧರ್ಮಾಧಿಕಾರಿ. ಶಂಕರ್ ನಾಗ್ ನಿರ್ದೇಶಿಸಿದ ಆ ಚಿತ್ರದಲ್ಲಿ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದ ಮಗನನ್ನು ಉಳಿಸಿಕೊಳ್ಳಲು ಅಪ್ಪ ವ್ಯವಸ್ಥೆಯನ್ನೆಲ್ಲ ಬಗ್ಗಿಸುತ್ತಾನೆ. 1993ರ ‘ನಿಷ್ಕರ್ಷ’ದಲ್ಲಿ ಅವರೇ ಪೊಲೀಸ್ ಅಧಿಕಾರಿ. ಮೂರೂ ಚಿತ್ರಗಳನ್ನು ಸಾಲಾಗಿ ನೋಡಿದರೆ ಒಂದೇ ಮುಖ, ಒಂದೇ ಎತ್ತರದ ಮೈ ಮೂರು ಬೇರೆ ಮನುಷ್ಯರಾಗುವುದು ಕಾಣುತ್ತದೆ. ಸುನಿಲ್ ಕುಮಾರ್ ದೇಸಾಯಿ ನಿರ್ದೇಶನದ ‘ನಿಷ್ಕರ್ಷ’ದಲ್ಲಿ ಇನ್ನೊಂದು ಸಂಗತಿಯಿದೆ. ಬ್ಯಾಂಕ್ ದರೋಡೆಕೋರರ ನಾಯಕನಾಗಿ ಮೊದಲ ಸಲ ತೆರೆಗೆ ಬಂದ ಬಿ.ಸಿ. ಪಾಟೀಲ್ ನಿಜಜೀವನದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವರು. ಠಾಣೆಯಲ್ಲಿ ರೂಢಿಯಾದ ನಿಲುವು, ಅಪ್ಪಣೆ ಕೊಡುವ ದನಿ ದರೋಡೆಕೋರನ ಪಾಲಿಗೆ ಬಂದಾಗ ಆ ಪಾತ್ರ ಕಿರುಚದೆಯೇ ಹೆದರಿಕೆ ಹುಟ್ಟಿಸಿತು.

ಬಣ್ಣದ ಲೆಕ್ಕಾಚಾರಕ್ಕೆ ಜಗತ್ತಿನ ಸಿನಿಮಾದಲ್ಲಿ ಎಲ್ಲರೂ ನೆನೆಯುವ ಉದಾಹರಣೆ ಹಿಚ್‌ಕಾಕ್‌ನ 1960ರ ‘ಸೈಕೊ’. ಅಲ್ಲಿ ಮೇರಿಯನ್ ಹಣ ಕದಿಯುವ ಮೊದಲು ಬಿಳಿಯ ಒಳ ಉಡುಪಿನಲ್ಲಿ ಕಾಣುತ್ತಾಳೆ, ಕದಿಯಲು ಮನಸ್ಸು ಮಾಡಿದ ಮೇಲೆ ಕಪ್ಪಿನಲ್ಲಿ. ಆ ಬದಲಾವಣೆಯ ಮೇಲೆ ಯಾರೂ ಬೆರಳಿಟ್ಟು ತೋರಿಸುವುದಿಲ್ಲ, ಆದರೂ ನೋಡುವವನ ಮನಸ್ಸಿಗೆ ಅದು ತಲುಪಿರುತ್ತದೆ.

ಉಡುಪು ಪ್ರಾಣ ಉಳಿಸಲು ನೋಡಿದ ಕಥೆ ನರಗುಂದದವರಿಗೆ ಸಿನಿಮಾದಿಂದ ಗೊತ್ತಾಗಬೇಕಿಲ್ಲ. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆ ಬ್ರಿಟಿಷರ ವಿರುದ್ಧ ಎದ್ದ. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಕೋಟೆ ಕೈತಪ್ಪಿದ ಮೇಲೆ ಬಾಬಾಸಾಹೇಬ ಕೆಲವೇ ಅನುಯಾಯಿಗಳೊಂದಿಗೆ ಪಂಢರಪುರದ ಯಾತ್ರಿಕರ ವೇಷದಲ್ಲಿ ಹೊರಟ, ತೊರಗಲ್ಲಿನ ಕಾಡಿನ ಕಡೆ ಸಿಕ್ಕಿಬಿದ್ದ, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಸಂಸ್ಥಾನಿಕನೊಬ್ಬ ಯಾತ್ರಿಕನ ಬಟ್ಟೆ ತೊಟ್ಟು ನಡೆದ ಆ ದಾರಿಯನ್ನು ಊಹಿಸಿಕೊಂಡು ನೋಡಿ. ಆಳಿದ ಮೈಗೆ ಬಾಗಿ ನಡೆಯುವುದು ಎಷ್ಟು ಕಷ್ಟ, ಆಳು ಎದುರಿಗೆ ಬಂದಾಗ ಕಣ್ಣು ತಗ್ಗಿಸುವುದು ಎಷ್ಟು ಕಷ್ಟ! ವೇಷ ಮರೆಸಿದ ಯಾರದೇ ಕಥೆಯಲ್ಲೂ ಗಂಡಾಂತರ ಬಟ್ಟೆಯಲ್ಲಿರುವುದಿಲ್ಲ, ಬಟ್ಟೆಗೆ ಒಗ್ಗದ ಮೈಯಲ್ಲಿರುತ್ತದೆ.

ಮೈಗೆ ಬಂದ ಪರೀಕ್ಷೆ

ಈ ಗಂಡಾಂತರವನ್ನೇ ಇಡೀ ಕಥೆಯಾಗಿ ಹಿಗ್ಗಿಸಿದ್ದು 1981ರ ‘ಅಂತ’. ಎಚ್.ಕೆ. ಅನಂತರಾವ್ ಅವರ ಕಾದಂಬರಿ ಆಧರಿಸಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ಈ ಚಿತ್ರದಲ್ಲಿ ಅಂಬರೀಷ್ ಇಬ್ಬರು. ಒಬ್ಬ ಪೊಲೀಸ್ ಅಧಿಕಾರಿ ಸುಶೀಲ್ ಕುಮಾರ್, ಇನ್ನೊಬ್ಬ ಅವನನ್ನೇ ಹೋಲುವ ಪಾತಕಿ ಕನ್ವರ್‌ಲಾಲ್. ಅಧಿಕಾರಿ ಪಾತಕಿಯ ವೇಷದಲ್ಲಿ ಪಾತಕಿಗಳ ಗುಂಪು ಸೇರುತ್ತಾನೆ. ನಟನ ಕೆಲಸ ಇಲ್ಲಿ ಎರಡು ಪದರದ್ದು. ಕನ್ವರ್‌ಲಾಲನಾಗಿ ಅಭಿನಯಿಸುವುದು ಒಂದು, ಸುಶೀಲ್ ಕುಮಾರ್ ಕನ್ವರ್‌ಲಾಲನಂತೆ ನಟಿಸುತ್ತಿದ್ದಾನೆ ಎಂಬುದನ್ನು ಅಭಿನಯಿಸುವುದು ಇನ್ನೊಂದು. ಎರಡರ ನಡುವೆ ಕೂದಲೆಳೆಯ ಅಂತರವಿರಬೇಕು. ಗುಂಪಿನವರಿಗೆ ಅದು ಕಾಣಬಾರದು, ನಮಗೆ ಕಾಣಬೇಕು.

2014ರ ‘ದೃಶ್ಯ’ ಅದೇ ಪರೀಕ್ಷೆಯನ್ನು ಹುಡುಗನೊಬ್ಬನ ಸಾವನ್ನು ಮುಚ್ಚಿಡಬೇಕಾದ ಒಂದು ಸಂಸಾರದ ಮೇಲೆ ಹೇರಿತು. ಮಲಯಾಳದ 2013ರ ‘ದೃಶ್ಯಂ’ ಅನ್ನು ಪಿ. ವಾಸು ಕನ್ನಡಕ್ಕೆ ತಂದಾಗ ಕೇಬಲ್ ವ್ಯವಹಾರದ ರಾಜೇಂದ್ರ ಪೊನ್ನಪ್ಪನಾದವರು ರವಿಚಂದ್ರನ್. ವೈಭವದ ಹಾಡುಗಳು, ಅಬ್ಬರದ ಪ್ರೇಮಕ್ಕೆ ಹೆಸರಾಗಿದ್ದ ನಟ ಇಲ್ಲಿ ನಾಲ್ಕು ಜನರ ನಡುವೆ ಗುರುತು ಸಿಗದಂಥ ಸಾಧಾರಣ ಗೃಹಸ್ಥನ ಬಟ್ಟೆಯಲ್ಲಿ ಬಂದರು. ಆ ಸಾಧಾರಣತೆಯೇ ಅವನ ಕೋಟೆ. ನಾಲ್ಕನೆಯ ತರಗತಿ ಓದಿದ ಅಂಥವನು ಪೊಲೀಸರಿಗಿಂತ ಮುಂದೆ ಯೋಚಿಸಬಲ್ಲನೆಂದು ಯಾರೂ ಎಣಿಸುವುದಿಲ್ಲ.

ಈ ಚಿತ್ರದ ವಿಚಾರಣೆಯ ಭಾಗವನ್ನು ಹತ್ತಿರದಿಂದ ನೋಡಬೇಕು. ಬಸ್ಸಿನ ಟಿಕೆಟು, ಸಿನಿಮಾ ಟಿಕೆಟು, ಹೋಟೆಲಿನ ಬಿಲ್ಲು ಎಲ್ಲವನ್ನೂ ಜೋಡಿಸಿಟ್ಟ ಅಪ್ಪ ಹೆಂಡತಿ ಮಕ್ಕಳಿಗೆ ಏನು ಹೇಳಬೇಕೆಂದು ಕಲಿಸಿದ್ದಾನೆ. ಮಾತು ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಪೊಲೀಸರು ಕೇಳುವುದು ಮಾತನ್ನು, ನೋಡುವುದು ಮೈಯನ್ನು. ತಾಯಿಯ ಕೈ ಸೆರಗಿನ ಅಂಚನ್ನು ಹುಡುಕುತ್ತದೆ. ದೊಡ್ಡ ಮಗಳ ಕಣ್ಣು ಪ್ರಶ್ನೆ ಮುಗಿಯುವ ಮೊದಲೇ ಕೆಳಗಿಳಿಯುತ್ತದೆ. ಅತಿ ಚಿಕ್ಕವಳಿಗೆ ಸುಳ್ಳಿನ ಅಗತ್ಯ ಗೊತ್ತು, ಅದನ್ನು ಹೊರುವ ಶಕ್ತಿ ಆ ವಯಸ್ಸಿಗಿಲ್ಲ. ಕಟ್ಟಿದ ಕಥೆ ಸಡಿಲಾಗುವುದು ಹೊಡೆತಕ್ಕೆ ಸಿಕ್ಕ ಆ ಮಗುವಿನಲ್ಲಿಯೇ. ಎದುರಿಗೆ ಆಶಾ ಶರತ್ ಮಾಡಿದ ಪೊಲೀಸ್ ಅಧಿಕಾರಿ ರೂಪಾ. ಅವಳು ಆ ಹುಡುಗನ ತಾಯಿಯೂ ಹೌದು. ಖಾಕಿ ಅವಳ ಬೆನ್ನನ್ನು ನೆಟ್ಟಗೆ ನಿಲ್ಲಿಸಿದೆ, ಒಳಗಿನ ತಾಯಿ ಆ ಬೆನ್ನನ್ನು ಮುರಿಯಲು ನೋಡುತ್ತಿದ್ದಾಳೆ. ಒಂದೇ ಸಮವಸ್ತ್ರದಲ್ಲಿ ಕ್ರೌರ್ಯವೂ ಸಂಕಟವೂ ನಿಂತಿರುವುದರಿಂದ ನಾವು ಅವಳನ್ನು ದ್ವೇಷಿಸಿ ಮುಗಿಸುವಂತಿಲ್ಲ.

ಮೈಯ ಭಾಷೆಯಲ್ಲಿ ಅತಿ ಬಲವಾದದ್ದು ಚಲನೆಯಲ್ಲ, ಚಲನೆಯನ್ನು ತಡೆಹಿಡಿಯುವುದು. 1991ರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ನಲ್ಲಿ ಆಂಥನಿ ಹಾಪ್‌ಕಿನ್ಸ್ ಮಾಡಿದ ಲೆಕ್ಟರ್ ಮೊದಲ ಸಲ ಕಾಣುವಾಗ ಸೆರೆಕೋಣೆಯ ನಡುವೆ ಸುಮ್ಮನೆ ನೆಟ್ಟಗೆ ನಿಂತಿರುತ್ತಾನೆ, ರೆಪ್ಪೆ ಬಡಿಯುವುದೂ ಅಪರೂಪ. ಹೆದರಿಸಲು ಅಷ್ಟೇ ಸಾಕಾಯಿತು. ಕನ್ನಡದಲ್ಲಿ ಈ ತಡೆಹಿಡಿತವನ್ನು ಮರೆಯಲಾಗದಂತೆ ತೋರಿಸಿದವರು ರಾಜ್ ಬಿ. ಶೆಟ್ಟಿ. ತಾವೇ ನಿರ್ದೇಶಿಸಿದ 2021ರ ‘ಗರುಡ ಗಮನ ವೃಷಭ ವಾಹನ’ದಲ್ಲಿ ಅವರ ಶಿವ ಮಾತು ಕಡಿಮೆಯ, ನಾಚಿಕೆಯ, ಹುಡುಗರ ಜೊತೆ ಕ್ರಿಕೆಟ್ ಆಡುವ ಮನುಷ್ಯ. ಬೀದಿಯಲ್ಲಿ ಎದುರಾದರೆ ನಾವು ತಿರುಗಿಯೂ ನೋಡಲಿಕ್ಕಿಲ್ಲ. ಕೊಲೆ ಮಾಡಿದ ಮೇಲೆ ಮಳೆಯಲ್ಲಿ ಅವನು ಹುಲಿವೇಷದ ಹೆಜ್ಜೆ ಹಾಕುತ್ತಾನೆ. ಮೈಮೇಲೆ ಹುಲಿಯ ಬಣ್ಣವಿಲ್ಲ, ಮುಖವಾಡವಿಲ್ಲ. ಕರಾವಳಿಯ ಹಬ್ಬದ ಕುಣಿತ ಬಣ್ಣ ಕಳಚಿಕೊಂಡು ಬರಿ ಮೈಗೆ ಬಂದಾಗ ಅಲ್ಲಿಯವರೆಗೆ ಒಳಗೆ ತಡೆದಿಟ್ಟದ್ದೆಲ್ಲ ಹೊರಬೀಳುತ್ತದೆ.

ಒಂದು ಮುಖ, ಇಬ್ಬರು ಹೆಂಗಸರು

ಉಡುಪು, ಮೈ, ಮುಖ ಮೂರೂ ಒಂದೇ ಪಾತ್ರದಲ್ಲಿ ಹೇಗೆ ಕೂಡುತ್ತವೆ ಎಂದು ತಿಳಿಯಲು ಕನ್ನಡಿಗರಿಗೆ ‘ಆಪ್ತಮಿತ್ರ’ಕ್ಕಿಂತ ಒಳ್ಳೆಯ ಪಾಠವಿಲ್ಲ. 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’ ಆಧರಿಸಿ ಪಿ. ವಾಸು ನಿರ್ದೇಶಿಸಿ, ದ್ವಾರಕೀಶ್ ನಿರ್ಮಿಸಿದ ಈ ಚಿತ್ರ 2004ರಲ್ಲಿ ಬಂತು. ಗಂಗಾ ಪಾತ್ರ ಮಾಡಿದ ಸೌಂದರ್ಯ ಅದೇ ವರ್ಷದ ಏಪ್ರಿಲ್ 17ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಜನ ಅವರನ್ನು ತೆರೆಯ ಮೇಲೆ ನೋಡಿದ್ದು ಆಮೇಲೆ.

ಹಗಲಿನ ಗಂಗಾ ಕುತೂಹಲದ, ನಗುಮುಖದ ಹೊಸ ಸೊಸೆ. ಹಳೆಯ ಅರಮನೆಯ ಮುಚ್ಚಿದ ಕೋಣೆಯ ಬಗ್ಗೆ ಕೇಳುವಾಗ ಅವಳ ಕಣ್ಣರಳುತ್ತದೆ, ತಲೆ ಒಂದಿಷ್ಟು ವಾಲುತ್ತದೆ. ಅದನ್ನು ನಾವು ಮುಗ್ಧತೆಯೆಂದು ಓದುತ್ತೇವೆ. ಆಮೇಲೆ ಗಂಡ ಅವಳ ಬಯಕೆಯೊಂದಕ್ಕೆ ಅಡ್ಡ ಬರುವ ಗಳಿಗೆ. ಅದೇ ಅರಳಿದ ಕಣ್ಣು ಮುಚ್ಚದೆ ನಿಂತುಬಿಡುತ್ತದೆ, ದವಡೆ ಬಿಗಿಯುತ್ತದೆ, ದನಿ ಗಂಟಲಿನ ಆಳಕ್ಕಿಳಿಯುತ್ತದೆ, ಕೈ ಮಂಚವನ್ನೆತ್ತುತ್ತದೆ. ಸೀರೆ ಅದೇ, ಮನೆ ಅದೇ, ಗಂಡನೂ ಅವನೇ. ಗಂಡ ಹೆಸರು ಹಿಡಿದು ಕೂಗಿದಾಗ ಮುಖ ಸಡಿಲಾಗಿ ಹಳೆಯ ಗಂಗಾ ಮರಳುತ್ತಾಳೆ, ಏನಾಯಿತೆಂದು ಅವಳಿಗೇ ತಿಳಿಯದು. ಬಣ್ಣ ಬದಲಿಸದೆ, ಬಟ್ಟೆ ಬದಲಿಸದೆ ಒಂದು ಮುಖದೊಳಗೆ ಇನ್ನೊಂದು ಮುಖ ಬಂದು ಹೋಗುವುದನ್ನು ಸೌಂದರ್ಯ ಕಣ್ಣೆದುರೇ ಮಾಡಿ ತೋರಿಸಿದರು.

ಕೊನೆಯ ನೃತ್ಯದಲ್ಲಿ ಉಡುಪಿಗೆ ಅದರ ಸರದಿ. ಗಂಗಾ ತನ್ನ ಮನಸ್ಸಿನಲ್ಲಿ ನಾಗವಲ್ಲಿ, ರಾಜನ ಆಸ್ಥಾನದಲ್ಲಿ ಆಭರಣ ತೊಟ್ಟ ನರ್ತಕಿ. ಸುತ್ತಲಿದ್ದವರಿಗೆ ಕಾಣುವುದು ಕೂದಲು ಕೆದರಿ, ಕುಂಕುಮ ಹರಡಿದ ಒಬ್ಬ ಬಳಲಿದ ಹೆಂಗಸು. ಕ್ಯಾಮೆರಾ ಒಮ್ಮೆ ಅವಳ ಕನಸನ್ನು ತೋರಿಸುತ್ತದೆ, ಒಮ್ಮೆ ನಿಜವನ್ನು. ಹೆದರಿಕೆಯಿಂದ ನೋಡಲು ಕೂತವರು ಕನಿಕರಕ್ಕೆ ತಿರುಗುವುದು ಆ ಎರಡು ಉಡುಪುಗಳ ನಡುವೆ.

ಮುಖ ಒಂದೇ ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸುಮಾರು ಒಂದು ಶತಮಾನದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ನಟನೊಬ್ಬನ ಭಾವವಿಲ್ಲದ ಒಂದೇ ಮುಖವನ್ನು ಮೂರು ಚಿತ್ರಗಳ ಜೊತೆ ಜೋಡಿಸಿ ತೋರಿಸಿದ. ಸೂಪಿನ ಬಟ್ಟಲು, ಶವಪೆಟ್ಟಿಗೆಯಲ್ಲಿನ ಮಗು, ಒಬ್ಬ ಹೆಂಗಸು. ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಆಸೆಯನ್ನೂ ಕಂಡರು. ನಾವು ಮುಖವನ್ನು ಓದುತ್ತೇವೆ ಎನ್ನುವಾಗ ಅರ್ಧವನ್ನು ನಾವೇ ಬರೆಯುತ್ತಿರುತ್ತೇವೆ. ಥ್ರಿಲ್ಲರ್ ನಿರ್ದೇಶಕರು ಇದನ್ನು ಬಲ್ಲವರು. ರಕ್ತದ ಕಲೆ ತೋರಿಸಿ ಆಮೇಲೆ ಒಬ್ಬನ ಮುಖ ತೋರಿಸಿದರೆ ಅವನು ಕಳ್ಳನಾಗಿ ಕಾಣುತ್ತಾನೆ. ಅದೇ ಮುಖವನ್ನು ಅಳುವ ಮಗುವಿನ ನಂತರ ತೋರಿಸಿದರೆ ಕರುಣಾಳುವಾಗುತ್ತಾನೆ. 1995ರ ‘ಬೆಳದಿಂಗಳ ಬಾಲೆ’ಯಲ್ಲಿ ಸುನಿಲ್ ಕುಮಾರ್ ದೇಸಾಯಿ ನಾಯಕಿಯ ಮುಖವನ್ನೇ ತೋರಿಸಲಿಲ್ಲ. ಟೆಲಿಫೋನಿನ ದನಿ ಮಾತ್ರ, ಅದನ್ನು ಕೇಳುವ ಅನಂತ್ ನಾಗ್ ಮುಖ ಮಾತ್ರ. ಕೇಳುವವನ ಮುಖದ ಮೇಲೆ ಆ ಕಾಣದ ಹೆ‌ಣ್ಣು ಇಡಿಯಾಗಿ ಮೂಡಿದಳು.

ಮುಖ ನೋಡಿ ಮಣೆ ಹಾಕುವ ಅಪಾಯ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಬೇಕು. ಸಿನಿಮಾದಲ್ಲಿ ಬೆವರಿದವನು ಅಪರಾಧಿಯಾಗಿರಬಹುದು, ಬದುಕಿನಲ್ಲಿ ಹಾಗಲ್ಲ. ಸುಳ್ಳನ್ನು ನಡವಳಿಕೆಯಿಂದ ಗುರುತಿಸುವ ಕುರಿತ ನೂರಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ಬಾಂಡ್ ಮತ್ತು ಡಿಪಾಲೊ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕಂಡುಕೊಂಡದ್ದು ಇದು: ಜನರ ತೀರ್ಪು ಸರಿಯಾಗುವುದು ಸರಾಸರಿ 100ಕ್ಕೆ 54 ಸಲ. ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸುವೇ ಮೇಲು. ಠಾಣೆಯ ಮೆಟ್ಟಿಲು ಎಂದೂ ಹತ್ತದ ಬಡವ ನಿರಪರಾಧಿಯಾಗಿದ್ದೂ ನಡುಗುತ್ತಾನೆ, ಪಳಗಿದವನು ನಗುತ್ತ ಕೂತಿರುತ್ತಾನೆ. ತೆರೆಯ ಮೇಲಿನ ನಡುಕವನ್ನು ಒಬ್ಬ ನಿರ್ದೇಶಕ ಆರಿಸಿ, ಬೆಳಕು ಹಾಕಿ, ನಮಗೆ ತೋರಿಸಿರುತ್ತಾನೆ. ಬೀದಿಯಲ್ಲಿನ ನಡುಕಕ್ಕೆ ನೂರು ಕಾರಣ.

ಹಳೆಯ ಸಿನಿಮಾಗಳು ಈ ವಿಷಯದಲ್ಲಿ ತಪ್ಪು ಮಾಡಿವೆ. ಕಪ್ಪು ಬಣ್ಣ, ಮುಖದ ಗಾಯದ ಗುರುತು, ಒಂದು ಕಣ್ಣಿನ ಊನ, ಕುಂಟು ಕಾಲು ಇವನ್ನೆಲ್ಲ ಕೆಟ್ಟತನದ ಚಿಹ್ನೆ ಮಾಡಿ ಬಳಸಿವೆ. ಮೈಯ ಊನವನ್ನು ಮನಸ್ಸಿನ ಊನವೆಂದು ಕಲಿಸಿದ ಆ ಪಾಠ ಶಾಲೆಯ ಅಂಗಳದವರೆಗೂ ಬಂದು ಮಕ್ಕಳನ್ನು ನೋಯಿಸಿದೆ. ಕೊಂದವನು ನಮ್ಮ ನಿಮ್ಮಂತೆಯೇ ಇರಬಹುದೆಂದು ತೋರಿಸಿದ ಹೊಸ ಥ್ರಿಲ್ಲರ್‌ಗಳು ಆ ತಪ್ಪನ್ನು ಕೊಂಚ ತೊಳೆದಿವೆ. ಅದಕ್ಕಾಗಿ ಅವುಗಳನ್ನು ಮೆಚ್ಚಬೇಕು.

ನಮ್ಮ ಸೀಮೆಗೆ ಇನ್ನೊಂದು ನೋವೂ ಇದೆ. ಕನ್ನಡ ಸಿನಿಮಾ ಬಹುಕಾಲ ಉತ್ತರ ಕರ್ನಾಟಕದ ರುಮಾಲು, ಧೋತರ, ಮಾತುಗಳನ್ನು ನಗೆಪಾತ್ರಕ್ಕೋ ರೌಡಿಯ ಪಾತ್ರಕ್ಕೋ ಮೀಸಲಿಟ್ಟಿತು. ಒಳಗೊಂದು ಹೊರಗೊಂದು ಇರುವ, ಯೋಚಿಸುವ, ಗುಟ್ಟು ಹೊರುವ ಮನುಷ್ಯನಿಗೆ ಈ ಬಟ್ಟೆ ತೊಡಿಸಿದ್ದು ಬಹಳ ಕಡಿಮೆ. ಆದರೆ ಪಾತ್ರ ಹೇಳಬಲ್ಲ ಉಡುಪು ಇಲ್ಲಿ ಎಷ್ಟಿಲ್ಲ? ಗಜೇಂದ್ರಗಡದ ಮಗ್ಗದಲ್ಲಿ ಹುಟ್ಟುವ ಚೌಕಳಿಯ, ಅಗಲ ಅಂಚಿನ ಪಟ್ಟೇದಂಚು ಸೀರೆ, ಇಳಕಲ್ಲಿನ ತೋಪುತೆನೆ ಸೆರಗು, ಗುಳೇದಗುಡ್ಡದ ಖಣದ ಕುಪ್ಪಸ. ಹಿರಿಯರು ಎದುರಾದರೆ ತಲೆಯ ಮೇಲೆ ಬರುವ ಸೆರಗು ಬೇರೆ, ಅಳು ತಡೆಯಲು ಬಾಯಿಗೊತ್ತಿದ ಸೆರಗು ಬೇರೆ, ಜಗಳಕ್ಕೆ ನಿಂತು ನಡುವಿಗೆ ಸಿಕ್ಕಿಸಿದ ಸೆರಗು ಬೇರೆ. ಧೋತರದ ಚುಂಗನ್ನು ಕೈಯಲ್ಲಿ ಹಿಡಿದು ಬಜಾರದಲ್ಲಿ ನಡೆಯುವವನೂ ಅದನ್ನು ಮೇಲೆ ಕಟ್ಟಿ ಹೊಲಕ್ಕೆ ಹೊರಟವನೂ ಒಂದೇ ಮನುಷ್ಯನಾದರೂ ಎರಡು ಪಾತ್ರ. 1980ರ ಜುಲೈ 21ರಂದು ರೈತರ ಮೇಲೆ ಗುಂಡು ಹಾರಿದ ನರಗುಂದದಲ್ಲಿ ಹೆಗಲ ಮೇಲಿನ ಹಸಿರು ಶಾಲು ಬರೀ ಬಟ್ಟೆಯಲ್ಲ. ಅದನ್ನು ಹೊದ್ದವನನ್ನೂ, ಸಮಯ ನೋಡಿ ಹೊದ್ದುಕೊಂಡವನನ್ನೂ ಇಲ್ಲಿಯ ಜನ ಬೇರೆ ಬೇರೆಯಾಗಿ ಗುರುತಿಸಬಲ್ಲರು.

ಮೊಬೈಲಿನಲ್ಲಿಯೇ ಕಿರುಚಿತ್ರ ತೆಗೆಯುವ ಹುಡುಗ ಹುಡುಗಿಯರು ಈಗ ಊರೂರಿಗೆ ಇದ್ದಾರೆ. ಅವರಲ್ಲಿ ಥ್ರಿಲ್ಲರ್ ಮಾಡುವ ಆಸೆಯುಳ್ಳವರಿಗೆ ನನ್ನ ವಿನಂತಿಯಿಷ್ಟೆ. ಕಪ್ಪು ಕೋಟು, ಕೈಗವಸು, ಮಂಜಿನ ರಸ್ತೆಯನ್ನು ಬೇರೆಯವರಿಂದ ಸಾಲ ತರಬೇಡಿ. ಹತ್ತಿ ಮಾರಿ ಬಂದ ಹಣ ಎಣಿಸುವ ಕೈಯನ್ನು, ಸೊಸೈಟಿಯ ಲೆಕ್ಕ ಕೇಳಿದಾಗ ಟೋಪಿ ತೆಗೆದು ತಲೆ ಒರೆಸಿಕೊಳ್ಳುವ ಕಾರ್ಯದರ್ಶಿಯನ್ನು, ಪಂಚರ ಮುಂದೆ ಸೆರಗಿನ ಅಂಚು ಸುತ್ತುತ್ತ ನಿಂತ ಸಾಕ್ಷಿಯನ್ನು ಹತ್ತಿರದಿಂದ ನೋಡಿ. ನಟನಿಗೆ ಪಾತ್ರದ ಬಟ್ಟೆಯನ್ನು ಮೊದಲೇ ಕೊಟ್ಟು ಅದರಲ್ಲಿ ಓಡಾಡಲು ಬಿಡಿ. ಮಾತು ಬರೆಯುವ ಮೊದಲು ಅವನ ಕೈ ಎಲ್ಲಿರುತ್ತದೆಂದು ಬರೆಯಿರಿ. ದೊಡ್ಡಾಟದಲ್ಲಿ ಬಣ್ಣವನ್ನೂ ಸಣ್ಣಾಟದಲ್ಲಿ ಹೆಜ್ಜೆಯನ್ನೂ ಓದಿ ಬೆಳೆದ ಪ್ರೇಕ್ಷಕರಿಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಅವರ ಕಣ್ಣನ್ನು ನಂಬಿ ಮಾಡಿದ ಚಿತ್ರವನ್ನು ಅವರು ಕೈಬಿಡುವುದಿಲ್ಲ.